ಈಚಲ ಗುಡ್ಡದ ಆಕ್ಷೇಪಣೆ ಅರ್ಜಿ

ಗುಡ್ಡವನ್ನು ಮತ್ತೆ ಕಾಡು ಮಾಡುತ್ತೇವೆ ಎಂದು ಬರೆದ ನೋಟಿಸನ್ನು ಅರಣ್ಯ ಇಲಾಖೆಯವರು ಗುಡ್ಡದ ಬುಡದಲ್ಲಿದ್ದ ಬೇವಿನ ಮರಕ್ಕೇ ಮೊಳೆ ಹೊಡೆದು ಹಚ್ಚಿದ್ದರು. ನನ್ನ ಸಿಟ್ಟು ಶುರುವಾದದ್ದು ಆ ಮೊಳೆಯಿಂದ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅದೂ ಖಾತ್ರಿಯಿಲ್ಲ. ಬೇವಿನ ಮರವಾಗಿತ್ತೋ ಕರೆಂಟಿನ ಕಂಬವಾಗಿತ್ತೋ, ಯಾರಾದರೂ ಗಟ್ಟಿಯಾಗಿ ಕೇಳಿದರೆ ತಡವರಿಸುತ್ತೇನೆ. ನೋಟಿಸಿನ ಒಕ್ಕಣೆ ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ಇಂಗ್ಲಿಷಿನಲ್ಲಿ ಓದಿ, ತೆಲುಗಿನ ಜೊತೆ ತಾಳೆ ನೋಡಿ, ಹನ್ನೊಂದು ಹೆಂಗಸರಿಗೆ ಕನ್ನಡದಲ್ಲಿ ಹೇಳಿದವನು ನಾನೇ. ಹಾಳಾದ ಅರಣ್ಯದ ಪುನಶ್ಚೇತನ ಮತ್ತು ಕಾಳ್ಗಿಚ್ಚು ತಡೆ ಯೋಜನೆ. ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ಲಿಖಿತವಾಗಿ! ಆ ಗುಡ್ಡವನ್ನು ನಂಬಿ ಬದುಕುತ್ತಿದ್ದವರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಅದು ನೋಟಿಸು ಬರೆದವರಿಗೆ ಗೊತ್ತಿರಲಿಲ್ಲವೆಂದು ನಂಬುವಷ್ಟು ಒಳ್ಳೆಯವನು ನಾನಲ್ಲ.

ತೆಲುಗು ನಾಡಿನ ರಾಜಧಾನಿಯ ಮಾದಾಪುರ ಬಡಾವಣೆಯಲ್ಲಿ ಗಾಜಿನ ಕಟ್ಟಡಗಳು ಒಂದಾದ ಮೇಲೊಂದು ಏಳುತ್ತಿದ್ದ ಕಾಲ. ಬೆಳಿಗ್ಗೆ ಕಂಡ ಬಂಡೆ ಸಂಜೆಗೆ ಇರುತ್ತಿರಲಿಲ್ಲ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸೇರಿ, ಮಾರ್ಗದರ್ಶಕರ ಜೊತೆ ಜಗಳವಾಡಿ ಹೊರಬಿದ್ದು, ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಎಲ್ಲೂ ಒಂದು ಗಂಟೆ ಸುಮ್ಮನೆ ಕೂರಲಾಗದ ವಯಸ್ಸು. ಪಾಠ ಮುಗಿದರೆ ಸ್ಕೂಟರ್ ಹತ್ತಿ ಊರಿನ ಪಡುವಣ ಅಂಚಿಗೆ ಹೋಗುತ್ತಿದ್ದೆ. ಅಲ್ಲಿ ಈ ಗುಡ್ಡವಿತ್ತು. ಬಂಡೆಯ ಮೇಲೆ ಬಂಡೆ, ನಡುವೆ ಸೀತಾಫಲ, ತಂಗಡಿ, ಹೆಸರು ಗೊತ್ತಿಲ್ಲದ ಮುಳ್ಳುಕಂಟಿ, ಎಲ್ಲಕ್ಕಿಂತ ಹೆಚ್ಚಾಗಿ ಸೊಂಟದೆತ್ತರ ದಾಟದ ಗಿಡ್ಡ ಈಚಲು.

ಆ ಗುಡ್ಡ ನನಗೆ ಗೊತ್ತಾದದ್ದು ಕಸಬರಿಗೆಯಿಂದ. ನಮ್ಮಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು, ನಾವು ಕ್ವಾರ್ಟರ್ಸಿನಲ್ಲಿದ್ದೆವು. ಒಂದು ದಿನ "ಚೀಪುರ್ಲಮ್ಮಾ ಚೀಪುರ್ಲು" ಎಂದು ತೆಲುಗಿನಲ್ಲಿ ಕೂಗುತ್ತ, ತಲೆ ಮೇಲೆ ಈಚಲ ಕಸಬರಿಗೆಯ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ಅಷ್ಟರಲ್ಲಿ ಅವ್ವ ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನು ಬಯ್ಯುತ್ತ ಹೊರಗೆ ಓಡಿಬಂದಳು. ಹೊರೆಯವಳು ನಿಂತುಬಿಟ್ಟಳು.

"ಯಕ್ಕಾರ, ನೀವು ನಮ್ಮ ಕಡ್ಯಾವ್ರೇನ್ರಿ? ಬೆಕ್ಕಿಗಿ ಕನ್ನಡದಾಗ ಬೈಯಾಕತ್ತೀರಿ!"

"ಹೌದವ್ವ, ಬಾಗಲಕೋಟಿ ನಮ್ಮದು."

"ನಮ್ಮದು ಸೇಡಂ ಕಡೇರಿ. ಕಲ್ಲ ಒಡ್ಯಾಕ ಬಂದ್ವಿ. ಒಡದು ಒಡದು ಕಲ್ಲು ಮುಗುದ್ವು, ನಾವು ಉಳದ್ವಿ."

ಅವಳನ್ನು ಗುಡ್ಡದ ಬುಡದ ಗುಡಿಸಲಿನವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ಕ್ವಾರಿ ಮುಚ್ಚಿದ ಮೇಲೆ ಗಂಡಸರು ಕಟ್ಟಡದ ಕೂಲಿಗೆ ಹೋದರು, ಹೆಂಗಸರು ಗುಡ್ಡದ ಈಚಲು ಕೊಯ್ದು ಕಸಬರಿಗೆ ಕಟ್ಟಿ ಕೋಠಿ ಪೇಟೆಯವರೆಗೂ ಒಯ್ದು ಮಾರುತ್ತಿದ್ದರು. ಅವ್ವ ಅವಳಿಗೆ ಚಹಾ ಕೊಡುತ್ತಿದ್ದಳು, ಅವಳು ನನಗೆ "ಮಾಸ್ತರ" ಎನ್ನುತ್ತಿದ್ದಳು. ಕಸಬರಿಗೆ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ, "ಹಬ್ಬ ಆದ ಮ್ಯಾಲ ಮುಂಜಾನಿ ಬರ್ರಿ, ತೋರಸ್ತೀನಿ" ಎಂದಳು.

ಸಂಕ್ರಾಂತಿ ಮುಗಿದ ವಾರ ಹೋದೆ. ಹನ್ನೊಂದು ಹೆಂಗಸರು ಗುಡ್ಡದ ಒಂದು ಮೂಲೆಯಲ್ಲಿ ಸಲಿಕೆ, ಒದ್ದೆ ಗೋಣಿಚೀಲ, ಹಸಿ ತಂಗಡಿಯ ಟೊಂಗೆ ಹಿಡಿದು ನಿಂತಿದ್ದರು.

"ಏನ್ರಿ ಮಾಸ್ತರ, ಸಾಲಿ ಬಿಟ್ಟು ಬೆಂಕಿ ಕಾಸಾಕ ಬಂದ್ರಿ?" ಎಂದು ದೊಡ್ಡವ್ವ ಕೇಳಿದಳು, ಉಳಿದವರು ನಕ್ಕರು.

ಅವಳು ನೆಲದ ಹುಲ್ಲನ್ನು ಅಂಗೈಯಲ್ಲಿ ಉಜ್ಜಿದಳು. ಕೈ ಒದ್ದೆಯಾದರೆ ಬೆಂಕಿ, ಒಣಗಿದ್ದರೆ ಆ ದಿನ ಮನೆಗೆ ವಾಪಸು. ಮಂಜಿನಿಂದ ತೊಯ್ದ ಹುಲ್ಲಿಗೆ ಬೆಂಕಿ ಬೇಗ ಹರಡುವುದಿಲ್ಲ. ಒಂದೊಂದು ಈಚಲ ಬುಡದ ಸುತ್ತಲೂ ಎರಡು ಮಾರು ಅಗಲ ಕೆರೆದು ಬೋಳು ಮಾಡಿದರು. ಆಮೇಲೆ ಒಣಗಿದ ಹಳೆಯ ಗರಿಗೆ ಮಾತ್ರ ಕಿಡಿ ಇಟ್ಟರು. ಚಟಪಟ ಎಂದು ಹತ್ತಿ, ಹತ್ತಿದಷ್ಟೇ ಬೇಗ ಇಳಿಯಿತು. ಹೀಗೆ ಸುಟ್ಟ ಬುಡದಿಂದಲೇ ಮೆತ್ತಗಿನ, ಉದ್ದನೆಯ ಹೊಸ ಗರಿ ಬರುತ್ತದೆ. ಸುಡದೆ ಬಿಟ್ಟರೆ ಗರಿ ಮುಳ್ಳಾಗಿ, ತುಂಡಾಗಿ, ಕಸಬರಿಗೆಗೆ ಬಾರದಂತಾಗುತ್ತದೆ.

ಬಿಸಿಲು ಏರುವ ಮೊದಲೇ ಕೆಲಸ ಮುಗಿಯಿತು. ನಾನು ಹೊರಟು ನಿಂತೆ. ಆದರೆ ಯಾರೂ ಹೊರಡಲಿಲ್ಲ. ದೊಡ್ಡವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಚಪ್ಪಲಿ ಬಿಟ್ಟು, ಸುಟ್ಟ ಕರಿ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಡತೊಡಗಿದಳು. ಕಾಲು ಸುಟ್ಟಲ್ಲಿ ನಿಂತು ಕೈ ತೋರುತ್ತಿದ್ದಳು, ಅಲ್ಲಿಗೆ ಒದ್ದೆ ಗೋಣಿ ಬೀಳುತ್ತಿತ್ತು.

"ಇದೇನ್ರಿ ಹಿಂಗ?" ಎಂದೆ.

"ಬೆಂಕಿ ಇಟ್ಟಾಕಿನ ತುಳೀಬೇಕ್ರಿ. ಬೂದಿ ಒಳಗಿನ ಕೆಂಡ ಕಣ್ಣಿಗಿ ಕಾಣಂಗಿಲ್ಲ. ಕಾಲಿಗಿ ಗೊತ್ತಾಗ್ತೈತಿ."

ಆ ವರ್ಷದ ಬೇಸಿಗೆಯಲ್ಲೇ ಗುಡ್ಡಕ್ಕೆ ದೊಡ್ಡ ಬೆಂಕಿ ಬಿತ್ತು. ರಸ್ತೆ ಬದಿಯಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಅಲ್ಲಿಯ ಗುತ್ತಿಗೆದಾರನ ಆಳುಗಳು ನಡುಮಧ್ಯಾಹ್ನ ಖಾಲಿ ಸಿಮೆಂಟ್ ಚೀಲ, ಥರ್ಮೋಕೋಲು ಎಲ್ಲ ಗುಡ್ಡೆ ಹಾಕಿ ಸುಟ್ಟರು. ಗಾಳಿ ಅದನ್ನು ಗುಡ್ಡಕ್ಕೆ ಒಯ್ದಿತು. ಮೂರು ದಿನ ಉರಿಯಿತು. ಹೊಗೆ ಪಕ್ಕದ ಗಾಜಿನ ಕಟ್ಟಡದ ಏಸಿಯೊಳಗೆ ನುಗ್ಗಿ, ತೆರೆಯಲು ಬಾರದ ಕಿಟಕಿಗಳ ಹಿಂದೆ ಕೂತಿದ್ದ ಇಂಜಿನಿಯರುಗಳನ್ನು ಹೊರಗೆ ಓಡಿಸಿತು. ಗುಡ್ಡ ಸುಟ್ಟದ್ದು ಯಾರಿಗೂ ಸುದ್ದಿಯಾಗಲಿಲ್ಲ, ಇಂಜಿನಿಯರುಗಳು ಕೆಮ್ಮಿದ್ದು ಸುದ್ದಿಯಾಯಿತು.

ನಾನು ನಾಲ್ಕನೆಯ ದಿನ ಹೋಗಿ ನೋಡಿದೆ. ಹೆಂಗಸರು ಜನವರಿಯಲ್ಲಿ ಸುಟ್ಟಿದ್ದ ಮೂಲೆ ಹಸಿರಾಗಿ ಹಾಗೇ ಉಳಿದಿತ್ತು, ಬೆಂಕಿ ಅದನ್ನು ಬಳಸಿಕೊಂಡು ಹೋಗಿತ್ತು. ಕರಿಯ ಗುಡ್ಡದಲ್ಲಿ ಒಂದು ಹಸಿರು ತೇಪೆ. ನೋಡಿದೆ ಎಂದು ಬರೆದೆನಲ್ಲ, ನೋಡಿದ್ದೇನೆಯೇ? ಹಸಿರು ತೇಪೆ ಕಣ್ಣ ಮುಂದೆ ಬರುತ್ತದೆ. ಆದರೆ ಆ ಚಿತ್ರದಲ್ಲಿ ಮಳೆಗಾಲದ ಮೋಡವೂ ಇದೆ, ಮತ್ತು ಅದು ಏಪ್ರಿಲ್ ಆಗಿತ್ತು. ಒಂದು ತೇಪೆಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನಾನೇ ಮಕ್ಕಳಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಆದರೂ ಅವತ್ತು ನನಗೆ ಎಂಥದೋ ದೊಡ್ಡ ಸತ್ಯ ಸಿಕ್ಕಂತಾಗಿ ಮೈ ಬಿಸಿಯಾಗಿತ್ತು.

ನೋಟಿಸು ಬಂದದ್ದು ಇದಾದ ಮೇಲೆ. ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಖರ್ಚು ಕೊಡುತ್ತದಂತೆ, ಇಲಾಖೆ ಕೆಲಸ ಮಾಡಿಸುತ್ತದಂತೆ. ಬೆಂಕಿಗೆ ಮೇವಾಗುವ ಈಚಲು, ಸೀತಾಫಲ, ಹುಲ್ಲು ಎಲ್ಲವನ್ನೂ ಜೆಸಿಬಿಯಿಂದ ಕೀಳುವುದು. ಬೆಂಕಿ ದಾಟದಂತೆ ಗುಡ್ಡದ ಉದ್ದಕ್ಕೂ ಬೋಳು ಪಟ್ಟಿ ಹೊಡೆಯುವುದು, ಅದಕ್ಕೆ ಅವರು ಬೆಂಕಿ ರೇಖೆ ಎನ್ನುತ್ತಿದ್ದರು. ಸಾಲಾಗಿ ಸಸಿ ನೆಡುವುದು. ಸುತ್ತ ಗೋಡೆ. ಒಳಗೆ ಯಾರೂ ಬರಕೂಡದು. ಆ ಹನ್ನೊಂದು ಹೆಂಗಸರು ಪ್ರತಿ ಜನವರಿಯಲ್ಲಿ ಒಂದು ಬುಡದ ಸುತ್ತ ಎರಡು ಮಾರು ಕೆರೆಯುತ್ತಿದ್ದರಲ್ಲ, ಅದೇ ಕೆಲಸಕ್ಕೆ ಇವರು ನಕ್ಷೆ ಬರೆಸಿ, ಹೆಸರಿಟ್ಟು, ಹೆಂಗಸರನ್ನು ಹೊರಗಿಟ್ಟಿದ್ದರು. ಈಗ ಬರೆಯುವಾಗಲೂ ಹಲ್ಲು ಕಚ್ಚುತ್ತಿದ್ದೇನೆ.

ದೊಡ್ಡವ್ವ ನಮ್ಮ ಮನೆಗೆ ಬಂದಳು. ಅವತ್ತು ತಲೆ ಮೇಲೆ ಹೊರೆ ಇರಲಿಲ್ಲ.

"ಮಾಸ್ತರ, ಗುಡ್ಡಕ್ಕ ಗ್ವಾಡಿ ಕಟ್ತಾರಂತ. ನಮ್ಮ ಈಚಲಾ ಕೀಳ್ತಾರಂತ. ಬ್ಯಾಡ ಅಂತ ಬರದು ಕೊಡಬೇಕಂತ. ನೀವು ಬರಕೊಡ್ರಿ."

"ಬರಕೊಡ್ತೀನಿ ದೊಡ್ಡವ್ವ."

"ಗುಡ್ಡ ಹೋತಂದ್ರ ನಾವು ಎಲ್ಲಿಗಿ ಹೋಗೂಣ್ರಿ? ಈ ವಯಸ್ಸಿನಾಗ ನನ್ನ ಯಾವ ಮೇಸ್ತ್ರಿ ಗಾರಿ ಹೊರಾಕ ಕರೀತಾನ?"

ಅವ್ವ ಒಳಗಿನಿಂದ, "ಚಂದಂಗ ಬರಿಯೋ, ನಿನ್ನ ಗಣಿತ ತುರಕಬ್ಯಾಡ" ಎಂದಳು. 

ಬಂಡೆಯೊಂದರ ಮೇಲೆ ಕೂತು ಅರ್ಜಿ ಬರೆದೆ. ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದೆ. ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿದರು. ಮೊದಲನೆಯದು ದೊಡ್ಡವ್ವನದು. ಮರುದಿನ ಇಲಾಖೆಯ ಕಚೇರಿಗೆ ಒಯ್ದು, ಕಿಟಕಿಯ ಮುಂದೆ ಗಂಟೆಗಟ್ಟಲೆ ಕಾಯ್ದು, ಸಲ್ಲಿಸಿ, ಝೆರಾಕ್ಸ್ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡು ಬಂದೆ. ನನ್ನ ನೆನಪಿನಲ್ಲಿ ಇಷ್ಟೇ ಇತ್ತು. ಬಹಳ ವರ್ಷ ಇಷ್ಟೇ ಇತ್ತು.

ಆಕ್ಷೇಪಣೆ ಕೇಳುವ ಸಭೆ ಗುಡ್ಡದ ಬುಡದಲ್ಲೇ, ಶಾಮಿಯಾನದ ಕೆಳಗೆ ನಡೆಯಿತು. ಮುಂದಿನ ಸಾಲುಗಳಲ್ಲಿ ಬಿಳಿ ಬಟ್ಟೆ ಹೊದೆಸಿದ ಕುರ್ಚಿಗಳು. ಅಲ್ಲಿ ಹೊಸ ಅಪಾರ್ಟ್‌ಮೆಂಟುಗಳವರು ಕೂತಿದ್ದರು. ಗುಡಿಸಲಿನವರಿಗೆ ಹಿಂದೆ ಜಮಖಾನ. ಕಂಪನಿ ಕರೆಸಿದ ತಜ್ಞನೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ. ದಟ್ಟ ಕಾಡು, ಪಾಚಿ ಹಿಡಿದ ಮರ, ಜುಳುಜುಳು ಹರಿಯುವ ನೀರು. "ಇಲ್ಲಿ ಹಿಂದೆ ಇದ್ದದ್ದನ್ನು ಮರಳಿ ತರುತ್ತೇವೆ" ಎಂದ. ಆ ಬಂಡೆಗುಡ್ಡದಲ್ಲಿ ಯಾವ ಕಾಲದಲ್ಲಿ ಪಾಚಿ ಇತ್ತು ಎಂದು ಕೇಳಲು ಎದ್ದೆ. ನನ್ನ ಸರದಿ ಇನ್ನೂ ಬಂದಿಲ್ಲವೆಂದು ಕೂರಿಸಿದರು.

ಅಪಾರ್ಟ್‌ಮೆಂಟಿನವರಿಗೂ ಆಕ್ಷೇಪಣೆಗಳಿದ್ದವು. ಚಡ್ಡಿ ತೊಟ್ಟು ಬಂದಿದ್ದ ಒಬ್ಬರು, ಗೋಡೆ ಎತ್ತರವಾದರೆ ತಮ್ಮ ಬಾಲ್ಕನಿಯಿಂದ ಗುಡ್ಡ ಕಾಣುವುದಿಲ್ಲ ಎಂದರು. ಮತ್ತೊಬ್ಬರು ಆ ಬೋಳು ಪಟ್ಟಿಯನ್ನು ಸ್ವಲ್ಪ ಅಗಲ ಮಾಡಿದರೆ ಬೆಳಿಗ್ಗೆ ಓಡಲು ಅನುಕೂಲ ಎಂದರು. ಒಬ್ಬ ಹೆಂಗಸು ಪೊದೆ ಕಿತ್ತರೆ ಹಾವುಗಳು ಎಲ್ಲಿಗೆ ಹೋಗುತ್ತವೆ, ಲಿಫ್ಟಿನೊಳಗೆ ಬಂದರೆ ಯಾರು ಹೊಣೆ ಎಂದು ಕೇಳಿದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ತಲೆ ಅಲ್ಲಾಡಿಸಿದರು. ನಗುಮುಖದ, ಮೆದು ಮಾತಿನ ಮನುಷ್ಯ. ನನಗೆ ಒರಟು ಅಧಿಕಾರಿಗಳೇ ವಾಸಿ.

ಕೊನೆಗೆ ನಮ್ಮ ಅರ್ಜಿ. ಅಧಿಕಾರಿ ಪೂರ್ತಿ ಓದಲಿಲ್ಲ. ಹಾಳೆಯನ್ನು ಅಡ್ಡ ತಿರುಗಿಸಿ ಒಂದೇ ಸಾಲು ಓದಿದರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತೆಲುಗಿನಲ್ಲಿ. ಪ್ರತಿ ವರ್ಷ ಸಂಕ್ರಾಂತಿಯ ನಂತರ ನಾವೇ ಈಚಲಿಗೆ ಬೆಂಕಿ ಇಡುತ್ತೇವೆ, ಆದ್ದರಿಂದಲೇ ನಾವು ಸುಟ್ಟ ಜಾಗಕ್ಕೆ ಬೇಸಿಗೆಯ ಬೆಂಕಿ ತಗಲುವುದಿಲ್ಲ. 'ಆದ್ದರಿಂದಲೇ' ಎನ್ನುವಲ್ಲಿಗೆ ಯಾರ ಕಿವಿಯೂ ಉಳಿದಿರಲಿಲ್ಲ. ಬಿಳಿ ಕುರ್ಚಿಗಳೆಲ್ಲ ಹಿಂದಕ್ಕೆ ತಿರುಗಿದವು.

"ಓಹೋ, ಇವರೇನಾ!" ಎಂದು ಚಡ್ಡಿಯವರು ಹಿಂದಿಯಲ್ಲಿ ಹೇಳಿದರು.

ದೊಡ್ಡವ್ವ ನನ್ನ ತೋಳು ಹಿಡಿದು ಕೇಳಿದಳು, "ಏನ್ ಓದಿದ್ರು ಮಾಸ್ತರ?"

"ನಾವು ಬೆಂಕಿ ಇಡ್ತೀವಿ ಅಂತ ಬರದದ್ದನ್ನ ಓದಿದ್ರು."

ಅವಳು ನನ್ನ ಮುಖ ನೋಡಿದಳು. ಆ ನೋಟ ನನಗೆ ನೆನಪಿದೆ ಎಂದುಕೊಂಡಿದ್ದೇನೆ. ಅಷ್ಟರಲ್ಲಿ ಅಧಿಕಾರಿ ಮೆತ್ತಗೆ, ಅರಣ್ಯಕ್ಕೆ ಬೆಂಕಿ ಇಡುವುದು ಅಪರಾಧ, ಹನ್ನೊಂದು ಮಂದಿಯೂ ಒಪ್ಪಿ ಸಹಿ ಮಾಡಿದ್ದಾರೆ, ಇವರ ಹೇಳಿಕೆ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಪಕ್ಕದಲ್ಲಿದ್ದ ಗಾರ್ಡು ಎದ್ದು ನಿಂತ.

ದೊಡ್ಡವ್ವ ಅವನಿಗಿಂತ ಮೊದಲೇ ಎದ್ದು ಮುಂದೆ ಹೋದಳು. "ಸಾಬ್, ಹಮ್ ಕಾಯ್ಕು ಜಲಾತೇ? ಜಲಾಯೇ ತೋ ಖಾತೇ ಕ್ಯಾ?" ಎಂದಳು. ನಾವ್ಯಾಕೆ ಸುಡ್ತೀವಿ, ಸುಟ್ಟರೆ ತಿನ್ನೋದೇನು ಅಂತ. ಗುಡಿಸಲಿನವರ ಕಡೆಯೊಬ್ಬ ಹಿಂದಿನಿಂದ ಕಿಸಕ್ಕೆಂದ. ಅವಳು ತಿರುಗಿ ನನ್ನತ್ತ ಕೈ ಚಾಚಿದಳು.

"ಈ ಮಾಸ್ತರ ಏನೇನರ ಬರಕೊಂಡಾನ. ಗುಡ್ಡಕ್ಕ ಗ್ವಾಡಿ ಬ್ಯಾಡಂತ ಬರದೀನಿ ಅಂದಾ, ಹೆಬ್ಬೆಟ್ಟ ಒತ್ತಿದ್ವಿ. ಸಾಲಿ ಕಲತಾವರು, ಸುಳ್ಳ ಬರೀತಾರಂತ ನಮಗೇನ್ ಗೊತ್ತು?"

ಗಾರ್ಡಿಗೆ ಕನ್ನಡ ಬರುತ್ತಿತ್ತು, ಅವನೇ ಅದನ್ನು ತೆಲುಗಿಗೆ ಹೇಳಿದ. ಎಲ್ಲರೂ ನನ್ನನ್ನು ನೋಡಿದರು. ನಾನು ಎದ್ದು, ಬರೆದದ್ದೆಲ್ಲ ಖರೆ, ಇವರು ಹೆದರಿ ಹೀಗೆ ಹೇಳುತ್ತಿದ್ದಾರೆ ಎನ್ನಬಹುದಿತ್ತು. ಎದ್ದೆ ಕೂಡ. ಉಳಿದ ಹತ್ತು ಹೆಂಗಸರೂ ಜಮಖಾನದಿಂದ ಒಂದೇ ದನಿಯಲ್ಲಿ "ಸುಳ್ಳ, ಸುಳ್ಳ" ಎಂದರು. ನಾನು ಕೂತೆ. ಅಧಿಕಾರಿ ನಗುಮುಖದಿಂದಲೇ ಹಾಳೆಯನ್ನು ಫೈಲಿನೊಳಗೆ ಇಟ್ಟರು.

ಹೇಳಿಕೆ ಯಾರದೂ ತೆಗೆದುಕೊಳ್ಳಲಿಲ್ಲ, ಕೇಸೂ ಆಗಲಿಲ್ಲ. ಎರಡು ತಿಂಗಳ ಮೇಲೆ ಉತ್ತರ ಬಂತು. ಅಪಾರ್ಟ್‌ಮೆಂಟಿನವರ ಗೋಡೆ ಗಿಡ್ಡವಾಯಿತು, ಓಟದ ಪಟ್ಟಿ ಅಗಲವಾಯಿತು. ನಮ್ಮ ಅರ್ಜಿಯ ಮುಂದೆ, ಅರ್ಜಿದಾರರೇ ತಮ್ಮದಲ್ಲವೆಂದು ಹೇಳಿರುವುದರಿಂದ ಪರಿಗಣಿಸಿಲ್ಲ ಎಂದಿತ್ತು. ಮರುವರ್ಷ ಮಳೆ ಶುರುವಾಗುವ ಮೊದಲು ಜೆಸಿಬಿಗಳು ಬಂದವು. ಈಚಲ ಬುಡಗಳು ಬೇರು ಮೇಲಾಗಿ ಟ್ರಾಕ್ಟರಿನಲ್ಲಿ ಹೋಗುವುದನ್ನು ನೋಡಿದೆ. ಗುಡಿಸಲುಗಳನ್ನೂ ಎಬ್ಬಿಸಿದರು. ನಾನು ಆ ಕಡೆ ಹೋಗುವುದನ್ನು ಬಿಟ್ಟೆ. ಆ ನೆಟ್ಟ ಕಾಡಿಗೂ ಒಂದು ಬೇಸಿಗೆ ಬೆಂಕಿ ಬಿತ್ತೆಂದು ಯಾರೋ ಹೇಳಿದರು. ನೋಡಿಲ್ಲ, ಆದ್ದರಿಂದ ಸಾಕ್ಷಿ ಹೇಳುವುದಿಲ್ಲ.

ಆಮೇಲಿನ ಆರೇಳು ವರ್ಷ ಈ ಕತೆಯನ್ನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಇರಾನಿ ಚಹಾದ ಅಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಹೇಳಿದಾಗಲೆಲ್ಲ ಕತೆ ಹೀಗೆ ಮುಗಿಯುತ್ತಿತ್ತು: ಇಲಾಖೆ ಕೆಟ್ಟದ್ದು, ಕಂಪನಿ ಕೆಟ್ಟದ್ದು ನಿಜ, ಆದರೆ ಕೊನೆಯ ಗಳಿಗೆಯಲ್ಲಿ ಆ ಹೆಂಗಸು ಒಂದು ಸುಳ್ಳು ಹೇಳಿ ತನ್ನ ಗುಡ್ಡವನ್ನು ತಾನೇ ಕಳೆದಳು. ಕೇಳಿದವರು ಚ್ಚು ಚ್ಚು ಎನ್ನುತ್ತಿದ್ದರು. ಬಡವರ ಪರ ನಿಂತರೆ ಹೀಗೇ ಎಂದು ಒಬ್ಬರು ನನ್ನ ಬೆನ್ನು ತಟ್ಟಿದ್ದರು. ತಟ್ಟಿಸಿಕೊಂಡೆ. ಅವ್ವ ಮಾತ್ರ ಒಂದು ಸಲವೂ ತಲೆಯಾಡಿಸಲಿಲ್ಲ. "ಆಕಿ ಅಂಥಾಕಿ ಅಲ್ಲ ಬಿಡು" ಎಂದು ಎದ್ದು ಹೋಗುತ್ತಿದ್ದಳು. ಅದಕ್ಕೂ ಸಿಟ್ಟು ಬರುತ್ತಿತ್ತು.

ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವಾಗ ನನ್ನ ಟ್ರಂಕು ತೆರೆದೆ. ಸಂಶೋಧನೆಯ ಕಾಗದಗಳ ನಡುವೆ ಮುದ್ರೆ ಬಿದ್ದ ಆ ಝೆರಾಕ್ಸ್ ಪ್ರತಿ ಸಿಕ್ಕಿತು. ನೆಲದ ಮೇಲೆ ಕೂತು ಓದಿದೆ. ಗುಡ್ಡ, ಕಸಬರಿಗೆ, ಗೋಡೆ ಬೇಡ, ಎಲ್ಲ ಇತ್ತು. ಬೆಂಕಿಯ ಸಾಲು ಮಾತ್ರ ಇರಲಿಲ್ಲ. ಅಧಿಕಾರಿ ಹಾಳೆಯನ್ನು ಅಡ್ಡ ತಿರುಗಿಸಿದ್ದು ನೆನಪಾಗಿ ನಾನೂ ತಿರುಗಿಸಿದೆ. ಎಡ ಅಂಚಿನಲ್ಲಿ, ಬಾಣದ ಗುರುತು ಹಾಕಿ, ಸಣ್ಣ ಅಕ್ಷರದಲ್ಲಿ ಆ ಸಾಲಿತ್ತು. ಉಳಿದದ್ದೆಲ್ಲ ನನ್ನ ಇಂಕು ಪೆನ್ನಿನ ದಪ್ಪ ಅಕ್ಷರ. ಇದು ಬಾಲ್‌ಪೆನ್ನಿನ ತೆಳು ಗೆರೆ. ಬರವಣಿಗೆ ನನ್ನದೇ. ಸಾಲು ಅಂಚಿನುದ್ದಕ್ಕೂ ನೆಟ್ಟಗೆ ಇಳಿದು, ಕೆಳಗೆ ದೊಡ್ಡವ್ವನ ಹೆಬ್ಬೆಟ್ಟಿನ ಹತ್ತಿರ ಬಂದಾಗ ಸೊಟ್ಟಗಾಗಿ, ಹೆಬ್ಬೆಟ್ಟನ್ನು ಬಳಸಿಕೊಂಡು ಮುಂದೆ ಹೋಗಿತ್ತು.

ಅಂದರೆ ಹೆಬ್ಬೆಟ್ಟು ಮೊದಲು ಬಿದ್ದಿತ್ತು. ಸಾಲು ಆಮೇಲೆ.

ಕಚೇರಿಯ ಕಿಟಕಿಯ ಮುಂದೆ ಕಾಯುವಾಗ, ಝೆರಾಕ್ಸ್ ಮಾಡಿಸುವ ಮೊದಲು, ಬೇರೆಯವರ ಪೆನ್ನು ಕೇಳಿ ಬರೆದಿರಬೇಕು. 'ಬರೆದಿರಬೇಕು' ಎನ್ನುತ್ತಿದ್ದೇನೆ, ಯಾಕೆಂದರೆ ಅದು ಇವತ್ತಿಗೂ ನನ್ನ ನೆನಪಿನಲ್ಲಿ ಇಲ್ಲ. ಮೊಳೆ ನೆನಪಿದೆ, ಪಾಚಿಯ ಚಿತ್ರ ನೆನಪಿದೆ, ಚಡ್ಡಿ ನೆನಪಿದೆ. ನಾನು ಮಾಡಿದ ಒಂದೇ ಒಂದು ಕೆಲಸ ನೆನಪಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ನಾನು ನನ್ನ ಕತೆಗೆ ಒಂದು ದಿನವೂ ಪುರಾವೆ ಕೇಳಿರಲಿಲ್ಲ. ಪುರಾವೆ ನನ್ನ ಟ್ರಂಕಿನಲ್ಲೇ ಇತ್ತು.

ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ, ಹುಡುಕಬೇಕು ಎಂದು ಅಷ್ಟು ವರ್ಷ ಅನ್ನಿಸಿರಲಿಲ್ಲ ಅಷ್ಟೆ. ಕೋಠಿಯಲ್ಲಿ ಕಸಬರಿಗೆ ಮಾರುವ ಹೆಂಗಸರನ್ನು ಕೇಳಿದೆ. ಎರಡನೆಯವಳೇ ದಾರಿ ಹೇಳಿದಳು. ಊರಿನ ಇನ್ನೊಂದು ಅಂಚಿನಲ್ಲಿ, ಇನ್ನೊಂದು ಕಟ್ಟಡದ ಪಕ್ಕ, ತಗಡಿನ ಗುಡಿಸಲಿನ ಮುಂದೆ ದೊಡ್ಡವ್ವ ಕೂತು ಈಚಲ ಗರಿ ಸೀಳುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರದು? ಮಾಸ್ತರೇನು! ಕೂದ್ಲಾ ಎಲ್ಲಿ ಇಟ್ಟು ಬಂದ್ರಿ?"

"ಉದುರಿದ್ವು ದೊಡ್ಡವ್ವ."

"ಅಕ್ಕಾರು ಆರಾಮ ಅದಾರಿಲ್ಲೋ? ಕುಂದರ್ರಿ."

ಕೂತು ಝೆರಾಕ್ಸ್ ತೆಗೆದೆ. ಅವಳಿಗೆ ಓದಲು ಬಾರದು, ಆದರೆ ಹೆಬ್ಬೆಟ್ಟು ಗುರುತಿಸಿದಳು. ಸೊಟ್ಟ ಸಾಲಿನ ಮೇಲೆ ಬೆರಳಿಟ್ಟು, "ಇದು ಅವತ್ತು ಓದಿದ ಸಾಲು. ನೀವು ಹೆಬ್ಬೆಟ್ಟು ಒತ್ತಿದ ಮ್ಯಾಲ ನಾನು ಬರದೀನಿ. ನಿಮಗ ಓದಿ ಹೇಳಿಲ್ಲ" ಎಂದೆ. ಇದನ್ನು ಹೇಳುವುದಕ್ಕೆ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ.

"ಓದಿದ್ರಲ್ಲ."

"ಇಲ್ಲ ದೊಡ್ಡವ್ವ, ಓದಿಲ್ಲ."

"ನಿಮಗೇನ ನೆಪ್ಪೈತಿ, ಬಿಡ್ರಿ. ಮದಲನೇ ಹಾಳ್ಯಾಗ ಇತ್ತದು. ಓದಿದ್ರಿ. ನಾ ಏನಂದೆ? ಅದನ್ನ ತೆಗೀರಿ, ಬೆಂಕಿ ಮಾತು ಸರಕಾರದವ್ರ ಮುಂದ ಬ್ಯಾಡ ಅಂದೆ. ನೀವು ಭಾಳ ವಾದಾ ಮಾಡಿದ್ರಿ. ಅದಽ ಖರೇ ಐತಿ, ಅದರಿಂದನ ಗೆಲ್ತೀವಿ ಅಂದ್ರಿ. ಗೆಲ್ಲದಿದ್ರೂ ನಡೀತೈತಿ, ತೆಗೀರಿ ಅಂದೆ. ಹ್ಞೂಂ ಅಂತ ಹಾಳಿ ಹರದು ಬ್ಯಾರೆ ಬರದ್ರಿ. ಆ ಹರದ ಹಾಳಿ ನಮ್ಮ ಸೊಸಿ ಒಲಿಗಿ ಹಾಕಿದ್ಲು."

ಅವಳು ಗರಿ ಸೀಳುವುದನ್ನು ನಿಲ್ಲಿಸಿರಲಿಲ್ಲ. ಅವಳ ನೆನಪೂ ತಪ್ಪಿರಬಹುದು ಎಂಬ ಮಾತು ನಾಲಿಗೆಯ ತುದಿಗೆ ಬಂತು, ನನ್ನ ಓದು ಅಂಥದು. ಆದರೆ ಸೊಟ್ಟ ಸಾಲು ಅವಳ ಮಾತಿಗೇ ಹೊಂದುತ್ತಿತ್ತು. ಮರೆತು ಬಿಟ್ಟುಹೋದದ್ದನ್ನು ಸೇರಿಸುವವನು ಯಾರದೋ ಪೆನ್ನು ಬೇಡಿ, ಅಂಚಿನಲ್ಲಿ ಅಷ್ಟು ಸಣ್ಣಗೆ ಬರೆಯುವುದಿಲ್ಲ. ಬೇಡವೆಂದವರ ಕಣ್ಣು ತಪ್ಪಿಸಿ ಬರೆಯುವವನು ಹಾಗೆ ಬರೆಯುತ್ತಾನೆ. ಇಲಾಖೆಯವರು ಅವಳನ್ನು ಕೇಳದೆ ಗೋಡೆ ಕಟ್ಟಿದರು. ನಾನು ಅವಳನ್ನು ಕೇಳಿ, ಅವಳು ಬೇಡವೆಂದ ಮೇಲೆ, ಅವಳ ಹೆಬ್ಬೆಟ್ಟಿನ ಮೇಲೆ ನನ್ನ ವಾದ ಗೆಲ್ಲಿಸಲು ಹೋಗಿದ್ದೆ. ಅವರ ಮೇಲೆ ನಾನು ಹಾಕುತ್ತಿದ್ದ ಒಂದೊಂದು ಬೈಗುಳವನ್ನೂ ಅಲ್ಲೇ ಕೂತು ನನಗೆ ಹಾಕಿಕೊಂಡೆ. ಎಲ್ಲವೂ ಸರಿಯಾಗಿ ಕೂತವು.

"ಅವತ್ತು ನನ್ನ ಸುಳ್ಳ ಅಂದ್ರಲ್ಲ, ಅದಕ್ಕ ಇಷ್ಟು ವರ್ಷ ಸಿಟ್ಟ ಇತ್ತು ನನಗ" ಎಂದೆ.

"ಅನ್ನದ ಏನ್ ಮಾಡ್ತಿದ್ದೆ? ಹನ್ನೊಂದು ಮಂದಿ ಹೆಣಮಕ್ಕಳು ಟೇಶನ್ನಿನಾಗ ಕುಂದರತಿದ್ವಿ. ಅರ್ಜಿ ಉಳಸಬೇಕಿತ್ತೋ ಮಂದಿ ಉಳಸಬೇಕಿತ್ತೋ ನೀವ ಹೇಳ್ರಿ. ನಿಮ್ಮ ಒಬ್ಬರ ಮಾನ ಹೋತು. ಅಗ್ಗದಾಗ ಮುಗೀತು."

"ಗುಡ್ಡ ಹೋತಲ್ಲ."

"ಹೋತು" ಎಂದಳು. ಅಷ್ಟು ಹೊತ್ತಿಗೆ ಮೊದಲ ಸಲ ಅವಳ ಕೈ ನಿಂತಿತು. "ಅದಕ್ಕ ಭಾಳ ಅತ್ತೀನಿ. ನಿಮಗೂ ಬೈದೀನಿ. ಕಿವಿಗಿ ಬಿದ್ದಿರಾಕಿಲ್ಲ."

ತಪ್ಪಾಯಿತು ಎಂದೆನೆಂದು ಕಾಣುತ್ತದೆ. ಹೇಳಿದೆನೋ, ಮನೆಗೆ ಬರುವಾಗ ಸ್ಕೂಟರಿನ ಮೇಲೆ ಹೇಳಿಕೊಂಡೆನೋ, ಪ್ರಮಾಣ ಮಾಡಲಾರೆ. ಇದನ್ನೆಲ್ಲ ಬರೆಯುತ್ತೇನೆ, ನಾನು ಹೇಳಿಕೊಂಡು ತಿರುಗಿದ ಸುಳ್ಳು ಕತೆ ತಿದ್ದಬೇಕು ಎಂದದ್ದು ಮಾತ್ರ ನಿಜ, ಯಾಕೆಂದರೆ ಅದಕ್ಕೆ ಅವಳು ಕೊಟ್ಟ ಉತ್ತರಕ್ಕೆ ನಾನು ಬದ್ಧನಾಗಿದ್ದೇನೆ.

"ಮತ್ತ ಬರೀತೀರಾ?" ಎಂದು ಅವಳು ಕಣ್ಣರಳಿಸಿ ಜೋರಾಗಿ ನಕ್ಕಳು. ಒಳಗಿದ್ದ ಸೊಸೆ ಇಣುಕಿ ನೋಡಿದಳು. "ಬರೀರಿ. ಬೆಂಕಿ ಇಡ್ತೀವಿ ಅಂತನೂ ಬರೀರಿ, ಈಗ ಮುದುಕಿ ಆಗೀನಿ, ನನ್ನ ಯಾರು ಒಯ್ತಾರ. ಆದ್ರ ಎಲ್ಲಿ ಇಡ್ತೀವಿ ಅಂತ ಬರದ್ರ ನಿಮ್ಮ ಮನಿಗಿ ಬಂದು ಕಸಬರಗಿಲೇ ಹೊಡೀತೀನಿ."

ಗುಡಿಸಲಿನ ಹಿಂದೆ ಏರುನೆಲವಿತ್ತು. ಅದರ ಮೇಲೆ ಈಚಲು, ಬುಡದಲ್ಲಿ ಅಲ್ಲಲ್ಲಿ ಕರಿ. ಯಾವ ದಿಕ್ಕು, ಯಾವ ರಸ್ತೆ, ಪಕ್ಕದಲ್ಲಿ ಏಳುತ್ತಿದ್ದದ್ದು ಏನು, ಎಲ್ಲ ಗೊತ್ತು. ಬರೆದರೆ ಈ ಬರಹಕ್ಕೆ ಬೆಲೆ ಬರುತ್ತದೆ, ಓದಿದವರು ಹೋಗಿ ನೋಡಬಹುದು, ನಾನು ಹೇಳುತ್ತಿರುವುದು ಖರೆಯೋ ಸುಳ್ಳೋ ಪರೀಕ್ಷಿಸಬಹುದು. ಇಷ್ಟು ಬರೆಯುವಾಗಲೇ ಕೈ ಎರಡು ಸಲ ಅತ್ತ ಹೋಯಿತು. ಒಂದು ಸಲ ಬರೆದೂ ಬಿಟ್ಟಿದ್ದೆ. ಆ ಹಾಳೆಯನ್ನು ಹರಿದಿದ್ದೇನೆ, ಅಂಚನ್ನೂ ತಿರುಗಿಸಿ ನೋಡಿದ್ದೇನೆ.